ಮಿಡತೆಯ ಪೈಲಟ್

"ಅಪ್ಪನ ಹೆಣ ಹೊರಡಿಸಿ ಚಪ್ಪಾಳೆ ಹೊಡೆಸ್ಕೊಳ್ಳೋ ಮಗನನ್ನ ಇವತ್ತೇ ಕಣ್ರೀ ನಾನು ನೋಡ್ತಿರೋದು!"

ಚಿಕ್ಕಪ್ಪ ಇದನ್ನು ಮೆಲ್ಲಗೆ ಹೇಳಲಿಲ್ಲ. ಮೆಲ್ಲಗೆ ಹೇಳುವುದು ಅವನ ಜಾಯಮಾನದಲ್ಲೇ ಇಲ್ಲ. ಸಭಾಂಗಣದ ಆ ತುದಿಯಲ್ಲಿ ಕಾಗದದ ಲೋಟ ಹಿಡಿದು ನಿಂತಿದ್ದವರೂ ತಿರುಗಿ ನೋಡಿದರು. ಆಗಷ್ಟೇ ನನಗೆ ಚಪ್ಪಾಳೆ ಹೊಡೆದಿದ್ದ ಕೈಗಳು ಏನು ಮಾಡಬೇಕೆಂದು ತೋಚದೆ ಜೇಬು ಸೇರಿದವು. ನಾನಿನ್ನೂ ಮೈಕಿನ ಮುಂದೆಯೇ ನಿಂತಿದ್ದೆ. ಪಕ್ಕದ ಮೇಜಿನ ಮೇಲೆ ನನ್ನ ವಿಮಾನ. ಅದರ ಮುಂದೆ, ಮೇಜಿನ ಅಂಚಿಗೆ ಕಣ್ಣು ಸರಿಯಾಗುವ ಹಾಗೆ ಕುಕ್ಕರಗಾಲಲ್ಲಿ ಕೂತಿದ್ದ ಅಪ್ಪ.

"ನಾಳೆ ಬೆಳಿಗ್ಗೆ ಅಣ್ಣ ಮತ್ತೆ ಲಿಫ್ಟ್ ಹತ್ತಬೇಕು," ಚಿಕ್ಕಪ್ಪ ನನ್ನ ಬಿಟ್ಟು ಊರಿಗೆಲ್ಲ ಹೇಳತೊಡಗಿದ. "ಕಂಪನಿಯವರ ಕಾಲು ಕೈ ಹಿಡಿದು ಒಪ್ಪಿಸಿದೀನಿ. ಇವತ್ತು ಈ ಪೈಲಟ್ ಸಾಹೇಬ್ರು ಅವನನ್ನ ಮೇಲಿಂದ ಬೀಳಿಸಿ ಸಾಯಿಸ್ತಾರೆ. ಓದು ತಲೆಗೆ ಹತ್ತಲಿಲ್ಲ, ಸರಿ. ನಾಲಿಗೆ ಮೇಲಾದ್ರೂ ಹಿಡಿತ ಬೇಡ್ವೇನೋ?"

ಅಪ್ಪ ಮೊಣಕಾಲಿಗೆ ಕೈ ಊರಿ ಎದ್ದ. "ಬೇಗ ಮಲಗ್ಬೇಕು, ನಡೀರಿ," ಅಂದ. ಅಷ್ಟೇ.

ನಾನು ಏನು ಮಾಡಿದ್ದೆ ಅಂತ ಹೇಳುತ್ತೇನೆ.

ಅದು ಮಾದರಿ ವಿಮಾನಗಳ ಪ್ರದರ್ಶನ. ಎಲ್ಲೂ ಇಲ್ಲದ, ಯಾರೂ ಕಟ್ಟದ ವಿಮಾನಗಳಿಗೆ ಮಾತ್ರ ಅಲ್ಲಿ ಜಾಗ. ಅದರಲ್ಲೂ ಓಡದೆ, ಹಾದಿ ಬೇಡದೆ, ನಿಂತ ಜಾಗದಿಂದಲೇ ನೆಟ್ಟಗೆ ಮೇಲೇಳುವಂಥವು. ಉಳಿದವರು ಅಂಗಡಿಯಿಂದ ಬಿಡಿಭಾಗಗಳ ಡಬ್ಬಿ ತಂದು, ಒಂದರ ರೆಕ್ಕೆ ಇನ್ನೊಂದರ ಬಾಲ ಸೇರಿಸಿ ಕಟ್ಟುತ್ತಾರೆ. ನನ್ನದು ಪೂರ್ತಿ ಕಸ. ಬಯ್ದುಕೊಳ್ಳುತ್ತಿಲ್ಲ, ನಿಜವಾಗಿ ಕಸ. ನಾನು ಕೆಲಸ ಮಾಡುವುದು ಅಂಗಡಿ ಬೋರ್ಡುಗಳಿಗೆ ಪ್ಲಾಸ್ಟಿಕ್ ಅಕ್ಷರ ಕತ್ತರಿಸುವ ಕಡೆ. ಅಕ್ಷರ ಬೋರ್ಡಿಗೆ ಹೋಗುತ್ತದೆ, ಅಕ್ಷರದ ಹೊಟ್ಟೆಯೊಳಗಿನ ತುಂಡು ನೆಲಕ್ಕೆ ಬೀಳುತ್ತದೆ. ಸೊನ್ನೆಯ ಹೊಟ್ಟೆಯಿಂದ ಉದುರಿದ ಬಿಲ್ಲೆಗಳೇ ನನ್ನ ವಿಮಾನದ ನಾಲ್ಕು ಫ್ಯಾನುಗಳಿಗೆ ತಳ. ಮೈ ಶಾಂಪೂ ಬಾಟಲಿಯದು. ಕಾಲುಗಳು ಬಾಲ್‌ಪೆನ್ನಿನ ಸ್ಪ್ರಿಂಗಿನವು. ಹೆಸರು ಮಿಡತೆ.

ಕಟ್ಟುವುದು ಅರ್ಧ ಕೆಲಸ. ಹಳತು ಮಾಡುವುದು ಇನ್ನರ್ಧ. ಹೊಸದಾಗಿ ಹೊಳೆಯುವ ವಿಮಾನವನ್ನು ಯಾರೂ ನಂಬುವುದಿಲ್ಲ. ಮೊದಲು ಬೆಳ್ಳಿ ಬಣ್ಣ ಹೊಡೆದು, ಅದರ ಮೇಲೆ ಒದ್ದೆ ಉಪ್ಪು ಉದುರಿಸಿ, ಉಪ್ಪಿನ ಮೇಲೆ ಹಸಿರು ಬಣ್ಣ ಹೊಡೆಯಬೇಕು. ಒಣಗಿದ ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಉಪ್ಪು ಉದುರಿ, ಅಲ್ಲಲ್ಲಿ ಬಣ್ಣ ಸುಲಿದು, ವರ್ಷಗಟ್ಟಲೆ ಬಿಸಿಲು ಗಾಳಿ ತಿಂದ ಹಾಗೆ ಕಾಣುತ್ತದೆ. ಅಮ್ಮನ ಉಪ್ಪಿನ ಭರಣಿಗೆ ಹೀಗೆ ಕೈಹಾಕಿ ಎಷ್ಟು ಸಲ ಬೈಸಿಕೊಂಡಿದ್ದೇನೋ.

ಆಮೇಲೆ ಮನುಷ್ಯ ಬೇಕು. ವಿಮಾನದ ಪಕ್ಕ ಒಬ್ಬ ಮನುಷ್ಯ ನಿಲ್ಲದಿದ್ದರೆ ಅದು ಎಷ್ಟು ದೊಡ್ಡದು ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ; ಬಾಟಲಿ ಬಾಟಲಿಯಾಗಿಯೇ ಉಳಿಯುತ್ತದೆ. ತೆಳು ತಂತಿ ಬಗ್ಗಿಸಿ, ಮೇಲೆ ಪುಟ್ಟಿ ಮೆತ್ತಿ, ಕಿರುಬೆರಳಿನ ತುದಿಯಷ್ಟು ಎತ್ತರದ ಪೈಲಟ್‌ನನ್ನು ಮಾಡಿದೆ. ಮಾಡುತ್ತ ಮಾಡುತ್ತ ಅವನ ಎಡಭುಜ ತಾನಾಗಿ ವಾಲಿತು. ಸೊಂಟಕ್ಕೆ ಬೆಲ್ಟ್ ಬಂತು. ನಾನು ಹತ್ತಿರದಿಂದ ನೋಡಿರುವ ಗಂಡಸು ಒಬ್ಬನೇ, ಇನ್ನು ಯಾರ ಹಾಗೆ ಮಾಡಲಿ?

ಅಪ್ಪ ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಒಳಗೆ ನಿಲ್ಲುವವನಲ್ಲ, ಅದರ ನೆತ್ತಿಯ ಮೇಲೆ ನಿಂತು ಕತ್ತಲ ಬಾವಿಯಲ್ಲಿ ಹಗ್ಗದ ಜೊತೆ ಏರಿಳಿಯುವವನು. ಎಲ್ಲಿದ್ದಾನೆ ಅಂತ ಕೇಳಿದರೆ ಜೊತೆಯವರು "ಮೇಲೆ" ಅನ್ನುತ್ತಿದ್ದರು. ಹಾಗೆ ಹೇಳಿ ಹೇಳಿ ಅವನಿಗೆ 'ಮೇಲಣ್ಣ' ಅಂತಲೇ ಹೆಸರು ಬಿತ್ತು. ಹೋದ ವರ್ಷ ಒಂದು ದಿನ ಬ್ರೇಕು ಹಿಡಿಯದೆ, ಲಿಫ್ಟು ಅವನನ್ನು ನೆತ್ತಿಯ ಮೇಲೆ ಹೊತ್ತುಕೊಂಡೇ ಕೆಳಗೆ ಜಾರಿತು. ಪೂರ್ತಿ ಬೀಳಲಿಲ್ಲ. ನಡುವೆ ಎಲ್ಲೋ ಕಚ್ಚಿಕೊಂಡು ನಿಂತಿತು. ಭುಜ ಮುರಿಯಿತು. ಮೂಳೆ ಕೂಡಿತು, ಆದರೆ ವಾಲಿ ಕೂಡಿತು.

ಅಂದಿನಿಂದ ಅವನು ಮನೆಯಲ್ಲಿ. ಡಾಕ್ಟರು ಕೈ ಆಡಿಸುತ್ತಿರಬೇಕು ಅಂದಿದ್ದಕ್ಕೆ ನಾನು ಒಂದು ಚೂರು ಮರಳು ಕಾಗದ ಕೊಟ್ಟೆ. ಅಕ್ಷರದ ಬಿಲ್ಲೆಗಳನ್ನು ಒದ್ದೆ ಮಾಡಿ ಮಾಡಿ ಉಜ್ಜುತ್ತಿದ್ದ, ಅಂಚು ಕನ್ನಡಿಯ ಹಾಗೆ ಬರುವತನಕ. ಮಿಡತೆಯ ಮೈಯಲ್ಲಿ ಅಪ್ಪ ಉಜ್ಜದ ಜಾಗ ಇಲ್ಲ. ಉಜ್ಜುತ್ತ ಒಂದು ಸಲ ಕೇಳಿದ, "ಅಲ್ವೋ, ಇದು ಮೇಲೆ ಹೋಗಿ ಸುಮ್ನೆ ನಿಂತ್ಕೊಳ್ಳುತ್ತೆ ಅಂತೀಯಲ್ಲ, ಆವಾಗ ಇದನ್ನ ಹಿಡ್ಕೊಂಡಿರೋದು ಏನು?"

"ಗಾಳಿ."

"ಬರೀ ಗಾಳೀನಾ?"

"ಇನ್ನೇನು, ಹಗ್ಗ ಕಟ್ಲಾ?"

ನಗಲಿಲ್ಲ. ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಉಜ್ಜತೊಡಗಿದ.

ಇನ್ನು ಕತೆ. ನಮ್ಮ ಈ ಆಟಕ್ಕೆ ಒಂದು ಕಟ್ಟುಪಾಡಿದೆ. ಪ್ರದರ್ಶನದಲ್ಲಿ ಪ್ರತಿಯೊಬ್ಬನೂ ಮೈಕಿನ ಮುಂದೆ ನಿಂತು ತನ್ನ ವಿಮಾನದ ಚರಿತ್ರೆ ಹೇಳಬೇಕು. ಇಷ್ಟು ಒಳ್ಳೆಯ ವಿಮಾನ ಇವತ್ತು ಯಾಕೆ ಆಕಾಶದಲ್ಲಿ ಇಲ್ಲ, ಅದಕ್ಕೆ ನಂಬುವಂಥ ಕಾರಣ ಕೊಡಬೇಕು. ಕಾರಣ ಇಲ್ಲದಿದ್ದರೆ ಕತೆ ನಿಲ್ಲುವುದಿಲ್ಲ. ಒಬ್ಬ ಯುದ್ಧ ನಿಂತುಹೋಯಿತು ಅನ್ನುತ್ತಾನೆ, ಇನ್ನೊಬ್ಬ ಮಂತ್ರಿ ಬದಲಾದ ಅನ್ನುತ್ತಾನೆ. ಬಹಳ ಮಂದಿ, ಮೊದಲ ಹಾರಾಟದಲ್ಲೇ ಬಿತ್ತು ಅನ್ನುತ್ತಾರೆ. ನಾನೂ ಅದನ್ನೇ ಅಂದೆ.

"ಮಿಡತೆ ನೆಲ ಬಿಡ್ತು. ನೆಟ್ಟಗೆ ಏರ್ತು. ಊರಿನ ಮಾಳಿಗೆಗಳ ಮೇಲೆ ಹೋಗಿ ಅಲ್ಲಾಡದೆ ನಿಂತ್ಕೊಂಡ್ತು. ಆಗ ಒಂದು ಫ್ಯಾನು ಕೆಮ್ಮಿತು. ಹೊರಗೆ ಹಾರ್ಕೊಳ್ಳೋಕೆ ಪೈಲಟ್‌ಗೆ ಟೈಮಿತ್ತು. ಹಾರಲಿಲ್ಲ. ಮನೆಗಳ ಮೇಲೆ ಬೀಳದ ಹಾಗೆ ಅದನ್ನ ಖಾಲಿ ಮೈದಾನಕ್ಕೆ ತಿರುಗಿಸಿದ. ಅವನೊಬ್ಬನೇ ಸತ್ತ. ಅವನ ಹೆಸರು ಮೇಲಣ್ಣ. ಅವನಂಥವನು ಇನ್ನೊಬ್ಬ ಸಿಗಲಿಲ್ಲ. ಅದಕ್ಕೇ ಇನ್ನೊಂದು ಮಿಡತೆ ಕಟ್ಟಲಿಲ್ಲ."

ನೆಟ್ಟಗೆ ಮೇಲೆ ಹೋಗುವವನಿಗೆ ಬೇರೆ ಹೆಸರೇ ನನಗೆ ಹೊಳೆದಿರಲಿಲ್ಲ. ಅಪ್ಪನನ್ನು ನಾಲ್ಕು ಜನರ ಮುಂದೆ ದೊಡ್ಡವನನ್ನಾಗಿ ಮಾಡಿದೆ ಅಂದುಕೊಂಡಿದ್ದೆ. ಚಪ್ಪಾಳೆ ಬಿದ್ದಾಗ ಅವನ ಕಡೆ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ವಿಮಾನದ ಪಕ್ಕದ ಆ ಸಣ್ಣ ಮನುಷ್ಯನನ್ನು ನೋಡುತ್ತಿದ್ದ.

ಮನೆಗೆ ಬರುವಷ್ಟರಲ್ಲಿ ಚಿಕ್ಕಪ್ಪ ಫೋನಿನಲ್ಲಿ ಅಮ್ಮನಿಗೆ ಎಲ್ಲ ಊದಿ ಮುಗಿಸಿದ್ದ. ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಕತೇಲಿ ಯಾರೋ ಸತ್ತಿದ್ದು?"

"ಪೈಲಟ್ಟು."

"ಪೈಲಟ್ಟು ಯಾರು?"

ನಾನು ಚಪ್ಪಲಿ ಬಿಚ್ಚುವುದಕ್ಕೆ ಬಗ್ಗಿದೆ.

"ಬಿಡ್ತು ಅನ್ನು."

"ಅಮ್ಮಾ, ಅದು ಶಾಂಪೂ ಬಾಟ್ಲು."

"ಬಾಟ್ಲಿಗೆ ನಾಲಿಗೆ ಇಲ್ಲ, ನಿನಗಿದೆ. ಬಿಡ್ತು ಅನ್ನು."

"ಅಂದಿದೀನಲ್ಲ ಮೈಕಲ್ಲೇ. ನೆಲ ಬಿಡ್ತು ಅಂತ. ಎಲ್ಲಾರಿಗೂ ಕೇಳ್ಸಿದೆ."

ಸೌಟು ನನ್ನ ಕಿವಿಯ ಪಕ್ಕ ಹಾದು ಬಾಗಿಲಿಗೆ ಬಡಿಯಿತು. ಅಮ್ಮನಿಗೆ ನಗು ಬರಬಹುದು ಅಂದುಕೊಂಡಿದ್ದೆ. ಅವಳ ಕಣ್ಣು ತುಂಬಿತ್ತು. "ಮತ್ತೆ ಹತ್ತೋಕೆ ಅವರಿಗೆಷ್ಟು ಧೈರ್ಯ ಬೇಕು ಗೊತ್ತಾ ನಿನಗೆ? ದಿನಾ ಒಂದೊಂದು ಮಾತು ಹೇಳಿ ಒಪ್ಪಿಸಿದೀನಿ. ನಾಳೆ ಹೋಗಲಿಲ್ಲ ಅಂದ್ರೆ ಕಂಪನಿಯವರು ಇನ್ನು ಕರೆಯಲ್ಲ. ಹೋಗಿ ಏನಾದ್ರೂ ಆದ್ರೆ..." ಅಲ್ಲಿಗೆ ತಾನೇ ಬಾಯಿ ಮುಚ್ಚಿಕೊಂಡು, "ಬಿಡ್ತು ಬಿಡ್ತು," ಅಂದಳು.

"ಬಿಡೇ," ಅಪ್ಪ ಒಳಗಿನಿಂದ ಅಂದ. "ಹುಡುಗ ಏನೋ ಕತೆ ಹೇಳಿದ್ದಾನೆ. ಮಾತಿಗೆಲ್ಲ ಬೀಳೋ ಹಾಗಿದ್ರೆ ನಾನು ಯಾವಾಗ್ಲೋ ಬೀಳ್ಬೇಕಿತ್ತು, ನಿನ್ನ ಮೈದುನನ ಬಾಯಲ್ಲಿ." ಆಮೇಲೆ ನನಗೆ, "ನಾಳೆ ರಜೆ ಹಾಕು. ಬ್ಯಾಗು ಹೊರೋಕೆ ಬಾ. ಈ ಭುಜದಲ್ಲಿ ಭಾರ ಆಗಲ್ಲ."

ಅಮ್ಮನಿಗೆ ನಾನು 'ಬಿಡ್ತು' ಅನ್ನಲಿಲ್ಲ. ಅಂದುಬಿಟ್ಟರೆ ಚಿಕ್ಕಪ್ಪ ಹೇಳಿದ್ದೇ ಸರಿ ಅಂತಾಗುತ್ತದೆ. ಅವನ ಮುಂದೆ ತಲೆ ಬಗ್ಗಿಸಿದ ಹಾಗೆ. ಆ ಹಟಕ್ಕೆ ಬಿದ್ದವನಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನೊಳಗೆ ಅಂದೆ. ಬಿಡ್ತು. ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಅಂದೆ. ಯಾರಿಗೂ ಕೇಳಿಸದ ಹಾಗೆ ಅಂದರೆ ಅದು ಲೆಕ್ಕಕ್ಕೆ ಬರುತ್ತೋ ಇಲ್ಲವೋ, ಯಾರನ್ನು ಕೇಳುವುದು?

"ಟ್ಯಾಂಕ್ ಖಾಲಿ ಮಾಡ್ತೀಯೇನೋ?" ಅಮ್ಮ ಬಾಗಿಲು ಬಡಿದಳು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತ. ಬ್ಯಾಗು ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನಾನು ಎತ್ತರದ ಕಟ್ಟಡಗಳನ್ನೇ ನೋಡುತ್ತಿದ್ದೆ. ಪ್ರತಿ ಕಟ್ಟಡದ ಹೊಟ್ಟೆಯಲ್ಲೂ ಒಂದು ಬಾವಿ ಇದೆ ಅನ್ನುವುದು ನೆನಪಾಗುತ್ತಿತ್ತು. ಹಗ್ಗ ಸರಿಯಾಗಿದೆಯಾ? ಬ್ರೇಕು ನೋಡಿದ್ದಾರಾ? ನೋಡಿದವನು ಯಾರು? ಕೇಳಬೇಕು ಅಂತ ಬಾಯಿ ತೆರೆದೆ, ಕೇಳಿದರೆ ಅದೂ ಅಪಶಕುನವಾಗುತ್ತದೇನೋ ಅಂತ ಮುಚ್ಚಿದೆ. ಕತೆಯನ್ನು ಬೇರೆ ಥರ ಮುಗಿಸಬಹುದಿತ್ತು. ಮಂತ್ರಿ ಬದಲಾದ ಅನ್ನಬಹುದಿತ್ತು. ಮಿಡತೆಗೆ ಇಂಧನ ಸಾಕಾಗಲಿಲ್ಲ ಅನ್ನಬಹುದಿತ್ತು. ಒಂದು ಮಾತು, ಎಷ್ಟು ಸುಲಭ. ಬ್ಯಾಗಿನೊಳಗೆ ಸ್ಪ್ಯಾನರುಗಳು ಪ್ರತಿ ಗುಂಡಿಗೂ ಕಣಕಣ ಅನ್ನುತ್ತಿದ್ದವು.

"ಉಗುರು ಕಚ್ಚಬೇಡ," ಅಪ್ಪ ಅಂದ.

ಅದು ಮನೆಗಳೇ ಇರುವ ಹಳೆಯ ಕಟ್ಟಡ. ಚಿಕ್ಕಪ್ಪ ಆಗಲೇ ಬಂದು, ಕೆಳಗೆ ವಾಚ್‌ಮನ್ ಜೊತೆ ನಿಂತಿದ್ದ. ಅವನು ಲಿಫ್ಟ್ ಕಂಪನಿಯ ಸೂಪರ್‌ವೈಸರ್. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ತರಕಾರಿ ಚೀಲ ಹಿಡಿದ ಒಬ್ಬ ಮುದುಕಿ, ಆಫೀಸಿಗೆ ಹೊರಟ ದಂಪತಿ, ಇನ್ನೂ ಯಾರು ಯಾರೋ ಲಿಫ್ಟ್ ನಿಂತಿದ್ದಕ್ಕೆ ಗೊಣಗುತ್ತಿದ್ದರು.

"ಈಗ ಸರಿಹೋಗುತ್ತೆ ತಾಯಿ, ನಮ್ಮಣ್ಣ ಬಂದಾಯ್ತು," ಚಿಕ್ಕಪ್ಪ ಮುದುಕಿಗೆ ಹೇಳಿದ. ನನ್ನನ್ನು ನೋಡಿ, "ಓಹೋ, ಪೈಲಟ್ ಸಾಹೇಬ್ರೂ ಬಂದಿದಾರೆ. ಬಾಯಿಗೆ ಬೀಗ ತಂದಿದೀಯಾ ತಾನೇ?"

ಲಿಫ್ಟು ಮೇಲಿನೆರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು. ಅಪ್ಪ, ನಾನು ಮೆಟ್ಟಿಲು ಹತ್ತಿದೆವು. ಹತ್ತುವಾಗ ಅವನು ಚೆನ್ನಾಗಿಯೇ ಇದ್ದ. ಕೊನೆಯ ಮಹಡಿಯಲ್ಲಿ ಮೂರು ಮೂಲೆಯ ಬೀಗದಕೈ ತೂರಿಸಿ ಬಾಗಿಲು ಸರಿಸಿದ. ಒಳಗಿನಿಂದ ತಣ್ಣನೆಯ ಗಾಳಿ, ಗ್ರೀಸಿನ ವಾಸನೆ. ಒಂದು ಹೆಜ್ಜೆ ಕೆಳಗೆ ಲಿಫ್ಟಿನ ನೆತ್ತಿ: ಧೂಳು ಹಿಡಿದ ತಗಡು, ನಡುವೆ ಬಿಗಿದ ಹಗ್ಗಗಳು. ಅದರ ಅಂಚಿಗೂ ಗೋಡೆಗೂ ನಡುವೆ ಒಂದು ಕತ್ತಲ ಸಂದು. ಸಂದಿನ ತಳದಲ್ಲಿ ಎಲ್ಲೋ ಒಂದು ದೀಪ. ಆ ದೀಪದ ಪಕ್ಕ ಯಾರೋ ಮರೆತು ಬಿಟ್ಟ ಬಕೆಟ್ಟು ಕಂಡಿತು, ನನ್ನ ವಿಮಾನಗಳ ಪಕ್ಕ ಇಡಲು ಪೆನ್ನಿನ ಮುಚ್ಚಳದಿಂದ ಮಾಡುತ್ತೇನಲ್ಲ, ಅಂಥದ್ದರಷ್ಟೇ ದೊಡ್ಡದು.

"ಟಾರ್ಚು."

ವಾಚ್‌ಮನ್ ಕೆಳಗೆ ಕೊಟ್ಟಿದ್ದನ್ನು ಹಿಡಿದೆ. ಅಪ್ಪ ಬೆಲ್ಟ್ ಬಿಗಿದುಕೊಂಡ. ಬಾಗಿಲ ಅಂಚು ಹಿಡಿದು, ಬಲಗಾಲು ಮುಂದಿಟ್ಟ. ಕಾಲು ಗಾಳಿಯಲ್ಲಿ ನಿಂತಿತು. ವಾಪಸ್ಸು ಬಂತು.

"ಸರಿಯಾಗಿ ಹಿಡಿಯೋ. ಬೆಳಕು ಅಲ್ಲಾಡ್ತಿದೆ."

ಬೆಳಕು ಅಲ್ಲಾಡುತ್ತಿರಲಿಲ್ಲ. ಕೂದಲೆಳೆಯಂಥ ಬ್ರಷ್ಷು ಹಿಡಿದು ಗೆರೆ ಎಳೆಯುವ ಕೈ ನನ್ನದು, ಅದು ಹೇಗೆ ನಿಲ್ಲಬೇಕೋ ಹಾಗೇ ನಿಂತಿತ್ತು. ಅಲ್ಲಾಡುತ್ತಿದ್ದುದು ಅವನ ನೆರಳು. ಬೀಗದಕೈ ಇನ್ನೂ ಅವನ ಬೆರಳಲ್ಲೇ ಇತ್ತು. ಅದು ಬಾಗಿಲ ತಗಡಿಗೆ ಬಡಿದು ಟಿಕಟಿಕ ಅನ್ನುತ್ತಿತ್ತು.

ಮತ್ತೆ ಕಾಲು ಮುಂದಿಟ್ಟ. ಮತ್ತೆ ತೆಗೆದ. ಮೂಗಿನ ತುದಿಯಿಂದ ಬೆವರು ಕೆಳಗೆ ಬಿತ್ತು, ಆ ಸಂದಿನೊಳಕ್ಕೆ.

"ಅಪ್ಪಾ."

"ಉಜ್ಜುವಾಗ ಎಲ್ಲ ಅದೇ ಕಣ್ಮುಂದೆ ಬರ್ತಿತ್ತು ಕಣೋ," ಅಂದ. "ದಿನಾ. ಕಾಲ ಕೆಳಗಿನ ತಗಡು ಇಲ್ಲವಾಗೋದು. ನಿಮ್ಮಮ್ಮನಿಗೆ ಏನಂತ ಹೇಳೋದು. ನನ್ನ ಕೈಲಿ ಆಗಲ್ಲ. ಹೋದ ವಾರಾನೇ ಗೊತ್ತಿತ್ತು ನನಗೆ, ಆಗಲ್ಲ ಅಂತ."

ಹೋದ ವಾರ ಮಿಡತೆಗೆ ಇನ್ನೂ ಬಣ್ಣ ಹೊಡೆದಿರಲಿಲ್ಲ. ಕತೆಯೇ ಹುಟ್ಟಿರಲಿಲ್ಲ.

ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ನಾನಲ್ಲ ಹಾಗಾದರೆ. ಮರುಕ್ಷಣವೇ ಅದಕ್ಕೆ ನಾಚಿಕೆಯಾಗಿ, ಅವನ ಬೆಲ್ಟನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡೆ. "ಇಳೀಬೇಡ. ಏನೂ ಆಗಲ್ಲ. ಬೇರೆ ಕೆಲಸ ನೋಡೋಣ. ನಮ್ಮ ಅಂಗಡೀಲಿ ಕೇಳ್ತೀನಿ, ನಿನ್ನ ಹಾಗೆ ಅಂಚು ಉಜ್ಜೋರು ಅಲ್ಲಿ ಯಾರೂ ಇಲ್ಲ."

ಮೆಟ್ಟಿಲ ಮೇಲೆ ಬೂಟಿನ ಸದ್ದು. ಚಿಕ್ಕಪ್ಪ ಏದುಸಿರು ಬಿಡುತ್ತ ಬರುತ್ತಿದ್ದ. ಹಿಂದೆ ವಾಚ್‌ಮನ್, ಅವನ ಹಿಂದೆ ಆ ದಂಪತಿ, ಅವರ ಹಿಂದೆ ತರಕಾರಿ ಚೀಲ.

"ಏನಾಯ್ತಣ್ಣ? ಇನ್ನೂ ಇಳಿದಿಲ್ವಾ?"

ಅಪ್ಪ ನನ್ನ ಕೈಯನ್ನು ಬೆಲ್ಟಿನಿಂದ ಬಿಡಿಸಿದ. ಮುಖ ಒರೆಸಿಕೊಂಡ. ವಾಲಿದ ಭುಜವನ್ನು ಆದಷ್ಟು ಮೇಲೆತ್ತಿ ನಿಂತ. ಅವನ ಹಳೆಯ ದನಿ, ಕೆಲಸದವನ ದನಿ, ಎಲ್ಲಿಂದಲೋ ವಾಪಸ್ಸು ಬಂತು.

"ಇವತ್ತು ಬೇಡ ಕಣೋ. ಇವನು ನಿನ್ನೆ ಆಡಿದ ಮಾತು ತಲೇಲಿ ಕೂತಿದೆ. ಹೆತ್ತ ಮಗನ ಬಾಯಲ್ಲಿ ಸತ್ತ ಅನ್ನಿಸ್ಕೊಂಡು ಬಂದು ಇದರ ಮೇಲೆ ಕಾಲಿಡೋಕೆ ಮನಸ್ಸು ಒಪ್ತಿಲ್ಲ."

ನನ್ನ ಕಡೆ ನೋಡಲಿಲ್ಲ.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಟಾರ್ಚನ್ನು ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು.

"ಅಯ್ಯೋ, ಪಾಪಿ ನನ್ಮಗನೇ," ಚಿಕ್ಕಪ್ಪ ನನ್ನ ಎದೆಗೆ ಬೆರಳು ಚುಚ್ಚಿದ. "ಆಯ್ತಾ? ತೃಪ್ತಿ ಆಯ್ತಾ? ನಿನ್ನೆ ನಾನು ಹೇಳ್ದಾಗ ಹೇಗೆ ಗುರಾಯಿಸ್ತಿದ್ದೆ! ಹುಲಿಯಂಥ ಮನುಷ್ಯನ ಧೈರ್ಯ ತಿಂದು ಹಾಕಿದ್ಯಲ್ಲೋ, ಪ್ಲಾಸ್ಟಿಕ್ ಆಟ ಆಡ್ಕೊಂಡು!"

"ಏನು ಮಾಡಿದನಂತೆ?" ಮುದುಕಿ ಕೇಳಿದಳು.

"ಅಪ್ಪ ಸತ್ತ ಅಂತ ಮೈಕಲ್ಲಿ ಸಾರಿದಾನೆ ತಾಯಿ. ಕೆಲಸಕ್ಕೆ ಹತ್ತೋ ಹಿಂದಿನ ದಿನ."

"ಛೆ ಛೆ." ಮುದುಕಿ ಚೀಲ ಕೆಳಗಿಟ್ಟಳು. "ಬೆಳೆದ ಹುಡುಗ. ಬುದ್ಧಿ ಬೇಡ್ವಾ?"

ಆ ದಂಪತಿ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದರು. ವಾಚ್‌ಮನ್ ಕೂಡ.

"ಕಂಪನಿಗೆ ಏನಂತ ಹೇಳ್ಲಿ ನಾನು?" ಚಿಕ್ಕಪ್ಪನ ದನಿ ಬಾವಿಯೊಳಗೆ ಇಳಿದು ಕೆಳಗಿನಿಂದ ಇನ್ನೊಂದು ಸಲ ಬರುತ್ತಿತ್ತು. "ನಿಮ್ಮಮ್ಮನಿಗೆ ಏನಂತ ಹೇಳ್ಲಿ? ಹೇಳೋ. ಮೈಕ್ ಸಿಕ್ರೆ ಮಾತ್ರ ಮಾತಾಡ್ತೀಯಾ? ಅಪ್ಪನ ಅನ್ನಕ್ಕೆ ಮಣ್ಣು ಹಾಕಿದೋನು ನೀನು, ಅಲ್ಲ ಅನ್ನು ನೋಡೋಣ!"

ಅಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೋದ ವಾರಾನೇ ಗೊತ್ತಿತ್ತು ಅವನಿಗೆ, ಕೇಳು ಬೇಕಾದ್ರೆ. ಅಷ್ಟು ಅಂದರೆ ಸಾಕು, ಈ ಬೆರಳು ನನ್ನ ಎದೆಯಿಂದ ಇಳಿಯುತ್ತದೆ, ಇವರೆಲ್ಲ ಆ ಕಡೆ ತಿರುಗುತ್ತಾರೆ. ಜೀವನದಲ್ಲಿ ಒಂದು ಸಲವಾದರೂ ಚಿಕ್ಕಪ್ಪನ ಬಾಯಿ ಮುಚ್ಚುತ್ತದೆ. ನಾನು ಅಪ್ಪನ ಕಡೆ ನೋಡಿದೆ. ಅವನು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಹಿಡಿದುಕೊಂಡಿದ್ದರಿಂದ ಕೈ ನಡುಗುವುದು ಯಾರಿಗೂ ಕಾಣುತ್ತಿರಲಿಲ್ಲ. ಈಗ ಮಾತ್ರ ನನ್ನನ್ನೇ ನೋಡುತ್ತಿದ್ದ.

ಟಾರ್ಚ್ ಆರಿಸಿ ವಾಚ್‌ಮನ್ ಕೈಗೆ ಕೊಟ್ಟೆ. ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡೆ. ಮುದುಕಿ ಚೀಲ ಎಳೆದುಕೊಂಡು ದಾರಿ ಬಿಟ್ಟಳು.

"ನೋಡಿ, ನೋಡಿ! ಬಾಯಿ ಬಿಡ್ತಾನಾ ನೋಡಿ! ಏಯ್, ನಿನ್ನನ್ನೇ ಕೇಳ್ತಿರೋದು!"

ನಾನು ಮೆಟ್ಟಿಲು ಇಳಿಯತೊಡಗಿದೆ.